ಮದ್ದೂ ವಿಷವೂ: ನಮ್ಮ ತೋಟಗಳ ಕೀಟನಿಗ್ರಹದ ಒಂದು ಚರಿತ್ರೆ

'ಮದ್ದು' ಎಂಬುದು ನಮ್ಮ ನುಡಿಯ ಹಳೆಯ ಮಾತುಗಳಲ್ಲೊಂದು. ರೋಗಿಗೆ ಕೊಡುವ ಔಷಧವೂ ಮದ್ದು. ಕೋವಿಗೆ ತುಂಬುವ ಪುಡಿಯೂ ಮದ್ದು. ಹಗೆಯವನ ಅನ್ನದಲ್ಲಿ ಬೆರಸಿ ಇಕ್ಕುವ ವಿಷಕ್ಕೂ ಹಳ್ಳಿಯವರು 'ಮದ್ದು ಹಾಕಿದರು' ಎಂದೇ ಹೇಳುತ್ತಾರೆ. ನಮ್ಮ ಕಾಸರಗೋಡಿನ ಸೀಮೆಯಲ್ಲಿ ಈ ಮಾತಿಗೆ ಇನ್ನೂ ಒಂದು ಅರ್ಥವುಂಟು. ಮಳೆಗಾಲ ಹತ್ತಿರವಾಗುತ್ತಲೇ ಇಬ್ಬರು ಕೃಷಿಕರು ಎದುರುಬದುರಾದರೆ, ಕುಶಲಪ್ರಶ್ನೆಯ ಬೆನ್ನಿಗೇ "ಮದ್ದು ಬಿಟ್ಟಾಯಿತೇ?" ಎಂದು ಕೇಳುವುದು ವಾಡಿಕೆ. ಅಡಿಕೆಯ ಗೊನೆಗಳಿಗೆ ಕೊಳೆರೋಗ ತಗುಲದಂತೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವುದೇ ಈ ಮದ್ದು ಬಿಡುವ ಕೆಲಸ.

ಒಂದೇ ಮಾತು ಪ್ರಾಣವನ್ನು ಉಳಿಸುವುದಕ್ಕೂ ತೆಗೆಯುವುದಕ್ಕೂ ಸಲ್ಲುವುದನ್ನು ತರಗತಿಯಲ್ಲಿ ಅರ್ಥವ್ಯತ್ಯಾಸದ ಉದಾಹರಣೆಯಾಗಿ ನಾನು ಹಲವು ಬಾರಿ ಹೇಳಿದ್ದೇನೆ. ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಇದು ಬರಿಯ ವ್ಯಾಕರಣದ ಮಾತಲ್ಲ. ಗಿಡಮರಗಳನ್ನು ತಿನ್ನುವ ಕೀಟಗಳನ್ನು ತಡೆಯುವುದಕ್ಕಾಗಿ ಮನುಷ್ಯನು ಮಾಡಿದ ಪ್ರಯೋಗಗಳಲ್ಲಿ ಅತ್ಯಂತ ಜಾಣ್ಮೆಯವು ಕೆಲವು ನಮ್ಮ ಮಣ್ಣಿನಲ್ಲಿಯೇ ನಡೆದಿವೆ. ಅತ್ಯಂತ ಘೋರವಾದುದೊಂದು ಸಹ ಇಲ್ಲಿಯೇ ನಡೆದಿದೆ. ಇವೆರಡನ್ನೂ ಒಂದೆಡೆಯಲ್ಲಿಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ಹಿರಿಯರು ಏನನ್ನು ತಿಳಿದಿದ್ದರು ಎಂಬುದನ್ನು ನೋಡೋಣ. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ರೋಗ ತಗುಲಿದ ಭಾಗವನ್ನು ಮೊದಲು ಕತ್ತಿಯಿಂದ ಕಡಿದು ತೆಗೆಯಬೇಕು. ಅನಂತರ ಗಾಯದ ಮೇಲೆ ವಾಯುವಿಳಂಗ, ತುಪ್ಪ ಮತ್ತು ಕೆಸರನ್ನು ಕಲಸಿದ ಲೇಪವನ್ನು ಹಚ್ಚಬೇಕು. ಮರಕ್ಕೆ ಹಾಲು ಬೆರೆತ ನೀರನ್ನು ಎರೆಯಬೇಕು ಎಂಬುದು ಅವನ ವಿಧಾನ. ಮುಂದೆ ಸುರಪಾಲನು 'ವೃಕ್ಷಾಯುರ್ವೇದ'ವೆಂಬ ಹೆಸರಿನ ಗ್ರಂಥವನ್ನೇ ರಚಿಸಿ ಈ ವಿದ್ಯೆಯನ್ನು ವಿಸ್ತರಿಸಿದನು.

ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದ ಕೃತಿ 'ಲೋಕೋಪಕಾರ'. ಕ್ರಿ. ಶ. 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯನೆಂಬ ಕವಿಯು ಇದನ್ನು ಬರೆದನು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಈತನು ಬೇರೆ. ಜನಸಾಮಾನ್ಯರ ಬಾಳಿಗೆ ಬೇಕಾಗುವ ವಿದ್ಯೆಗಳನ್ನೆಲ್ಲ ಕನ್ನಡದಲ್ಲಿ ಒಂದೆಡೆ ಕೂಡಿಸಬೇಕೆಂಬುದು ಅವನ ಹಂಬಲ. ಆದುದರಿಂದ ಅದರಲ್ಲಿ ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆಯಿದೆ, ಅಡುಗೆಯ ಶಾಸ್ತ್ರವಿದೆ, ಮರಗಿಡಗಳ ಆರೈಕೆಯಿದೆ, ವಿಷವೈದ್ಯವೂ ಇದೆ. ಗಿಡಕ್ಕೆ ಮಾಡುವ ಉಪಚಾರವನ್ನೂ ವಿಷಕ್ಕೆ ಮಾಡುವ ಪ್ರತೀಕಾರವನ್ನೂ ಒಂದೇ ಹೊತ್ತಗೆಯಲ್ಲಿ ಬರೆದಿಟ್ಟ ಆ ಹಿರಿಯನಿಗೆ, ಇವೆರಡು ವಿದ್ಯೆಗಳು ಒಂದೇ ಮನೆಯಂಗಳದಲ್ಲಿ ಬೇಕಾಗಿ ಬರುತ್ತವೆ ಎಂಬುದು ತಿಳಿದಿತ್ತು.

ಗ್ರಂಥಗಳನ್ನು ಓದದ ನಮ್ಮ ಅಜ್ಜ ಅಜ್ಜಿಯರಿಗೂ ಈ ವಿದ್ಯೆ ಕೈಗತವಾಗಿತ್ತು. ಅಲಸಂಡೆಯ ಬಳ್ಳಿಗೆ ಹೇನು ಹತ್ತಿದರೆ ನನ್ನ ಅಜ್ಜಿಯು ಬೆಳಗಿನ ಇಬ್ಬನಿ ಆರುವ ಮೊದಲೇ ಒಲೆಯ ಬೂದಿಯನ್ನು ಎರಚಿ ಬರುತ್ತಿದ್ದಳು. ಎಲೆ ಒದ್ದೆಯಾಗಿದ್ದರೆ ಮಾತ್ರ ಬೂದಿ ಹಿಡಿಯುತ್ತದೆ ಎಂಬುದು ಅವಳ ಶಾಸ್ತ್ರ. ಅಜ್ಜನು ತೆಂಗಿನ ಮರವೇರುವಾಗ ಸೊಂಟದಲ್ಲಿ ಒಂದು ಕಬ್ಬಿಣದ ಕೊಕ್ಕೆಯನ್ನು ಸಿಕ್ಕಿಸಿಕೊಂಡಿರುತ್ತಿದ್ದನು. ಸುಳಿಯಲ್ಲಿ ತೂತು ಕೊರೆದು ಕುಳಿತ ಕುರುವಾಯಿಯನ್ನು ಅದರಿಂದ ಮೀಟಿ ಹೊರಗೆಳೆದು, ಆ ತೂತಿಗೂ ಗರಿಗಳ ಬುಡಕ್ಕೂ ಉಪ್ಪು ಬೆರಸಿದ ಹೊಯಿಗೆಯನ್ನು ತುಂಬಿಸಿ ಇಳಿಯುತ್ತಿದ್ದನು. ಹುಳವನ್ನು ಕಂಡು, ಹುಳವಿದ್ದಲ್ಲಿಗೆ ಹೋಗಿ, ಹುಳಕ್ಕೆ ಮಾತ್ರ ಮಾಡುವ ಉಪಾಯವಿದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕಷಾಯ ಲೇಪಗಳಿಗಿಂತಲೂ ವಿಚಿತ್ರವಾದುದು ಜೀವಿಯ ಮೇಲೆ ಜೀವಿಯನ್ನು ಛೂ ಬಿಡುವ ಪ್ರಯೋಗ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಗಾದೆಯನ್ನು ಅಕ್ಷರಶಃ ನಡೆಸಿದವರು ಚೀನದೇಶದ ಕೃಷಿಕರು. ಕ್ರಿ. ಶ. 304ರ ಒಂದು ಚೀನೀ ಗ್ರಂಥದಲ್ಲಿ, ಅಲ್ಲಿನ ಸಂತೆಗಳಲ್ಲಿ ಇರುವೆಗಳನ್ನು ಗೂಡುಸಹಿತ ಮಾರುತ್ತಿದ್ದರೆಂದೂ, ಕಿತ್ತಳೆ ಜಾತಿಯ ಮರಗಳಿಗೆ ಆ ಗೂಡುಗಳನ್ನು ಕಟ್ಟಿದರೆ ಹುಳುಗಳ ಬಾಧೆ ತಪ್ಪುತ್ತಿತ್ತೆಂದೂ ಹೇಳಿದೆ. ಈ ಇರುವೆ ನಮಗೆ ಹೊಸದಲ್ಲ. ಮಾವು, ಹಲಸು, ಗೇರು ಮರಗಳಲ್ಲಿ ಹಸಿ ಎಲೆಗಳನ್ನು ನೂಲಿನಿಂದ ಹೆಣೆದು ಗೂಡು ಕಟ್ಟುವ, ಮರವೇರಿದವನನ್ನು ಕಚ್ಚಿ ಕುಣಿಸುವ ಕೆಂಜಿರುವೆಯೇ ಅದು. ಮಲೆನಾಡಿನವರು ಚಗಳಿ ಎಂದು ಕರೆದು ಚಟ್ನಿ ಮಾಡುವುದೂ ಇದನ್ನೇ. ಇದರ ಮಾತು ಮುಂದೆ ಮತ್ತೆ ಬರಲಿದೆ.

ನಮ್ಮ ದೇಶದಲ್ಲಿ ಇಂಥದೊಂದು ಪ್ರಯೋಗ ಆರಂಭವಾದುದು ಒಂದು ತಪ್ಪಿನಿಂದ. ಕಿರಮಂಜಿ ಬಣ್ಣವನ್ನು ಕೊಡುವ ಹುಳುವನ್ನು ಸಾಕಿ ಲಾಭ ಗಳಿಸಬೇಕೆಂಬ ಆಸೆ ಈಸ್ಟ್ ಇಂಡಿಯಾ ಕಂಪೆನಿಗಿತ್ತು. ಆ ಹುಳುವಿನ ಆಹಾರ ಪಾಪಾಸುಕಳ್ಳಿ. 1795ರಲ್ಲಿ ಬ್ರೆಜಿಲಿನಿಂದ ಹುಳುಗಳನ್ನು ಬಂಗಾಳಕ್ಕೆ ತಂದರು. ಆದರೆ ಬಂದುದು ಉತ್ತಮವಾದ ಬಣ್ಣದ ಹುಳುವಲ್ಲ, ಅದರ ದಾಯಾದಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಬದಲಾಗಿ ಹುಳು ಒಂದು ಜಾತಿಯ ಕಳ್ಳಿಯನ್ನು ತಿಂದು ನೆಲವನ್ನು ಬಯಲು ಮಾಡಿತು. ಇದನ್ನು ಗಮನಿಸಿದವರು 1836ರಿಂದ 1838ರೊಳಗೆ ಅದೇ ಹುಳುವನ್ನು ದಕ್ಷಿಣಕ್ಕೆ ತಂದು, ಕಳ್ಳಿಯನ್ನು ಕೊಲ್ಲುವುದಕ್ಕೆಂದೇ ಬಿಟ್ಟರು. ಕಳೆಯೊಂದನ್ನು ಕೀಟದ ಮೂಲಕ ಉದ್ದೇಶಪೂರ್ವಕವಾಗಿ ನಿಗ್ರಹಿಸಿದ ಮೊದಲ ಯಶಸ್ವೀ ಪ್ರಯತ್ನ ಇದೆಂದು ಜಗತ್ತಿನ ವಿಜ್ಞಾನಿಗಳು ಒಪ್ಪುತ್ತಾರೆ. ಇನ್ನೊಂದು ಜಾತಿಯ ಕಳ್ಳಿಗೆ ಈ ಹುಳು ಬಾಯಿ ಹಾಕಲಿಲ್ಲ. ಅದಕ್ಕೆ ತಕ್ಕ ಬೇರೊಂದು ಹುಳುವನ್ನು 1926ರಲ್ಲಿ ಸಿಂಹಳದಿಂದ ತಂದು ಬಿಟ್ಟ ಮೇಲೆ, ಮದರಾಸು ಪ್ರಾಂತದ ಒಣಸೀಮೆಯಲ್ಲಿ ಕಳ್ಳಿಗೆ ಬಿಟ್ಟುಕೊಟ್ಟಿದ್ದ ಹೊಲಗಳು ಕೆಲವೇ ವರ್ಷಗಳಲ್ಲಿ ರೈತರ ಕೈಸೇರಿದವು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ದುಡಿದವರಲ್ಲಿ ಕಣ್ಣೂರಿನಿಂದ ಬಂದ ಕೀಟಶಾಸ್ತ್ರಜ್ಞ ಕುಞ್ಞಿ ಕಣ್ಣನ್ ಪ್ರಮುಖರು. ಆ ಸಂಸ್ಥಾನದ ಕೀಟಶಾಸ್ತ್ರಜ್ಞರ ಹುದ್ದೆಗೇರಿದ ಮೊದಲ ಭಾರತೀಯರು ಅವರು.

ನಮ್ಮಂತೆಯೇ ಕನ್ನಡವು ಗಡಿಯಾಚೆಗೆ ಉಳಿದ ನೀಲಗಿರಿಯಲ್ಲಿಯೂ ಇಂಥದೇ ಒಂದು ಕಥೆ ನಡೆಯಿತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿಯಂತಹ ಬಿಳಿಯ ಚೀಲ ಹೊತ್ತ ಒಂದು ಶಲ್ಕಕೀಟವು ಹಾಳುಗೆಡವುತ್ತಿದ್ದಾಗ, 1888ರಲ್ಲಿ ಅದರ ತವರಾದ ಆಸ್ಟ್ರೇಲಿಯಕ್ಕೆ ಆಲ್ಬರ್ಟ್ ಕೋಬೆಲೆ ಎಂಬವರನ್ನು ಕಳುಹಿಸಿದರು. ಅಲ್ಲಿ ಆ ಕೀಟವನ್ನು ಹಿಡಿದು ತಿನ್ನುವ ಒಂದು ಗುಲಗಂಜಿ ಹುಳುವನ್ನು ಅವರು ಕಂಡರು. ಮೊದಲ ಕಂತುಗಳಲ್ಲಿ ಅವರು ಹಡಗಿನ ಮೂಲಕ ಕಳುಹಿಸಿದ ಹುಳುಗಳು ಕೇವಲ 129. ಅವುಗಳನ್ನು ಒಂದು ಕಿತ್ತಳೆ ಮರಕ್ಕೆ ಹೊದಿಸಿದ ಗುಡಾರದೊಳಗೆ ಬಿಟ್ಟು ಬೆಳೆಸಿದರು. ಒಂದೆರಡು ವರ್ಷಗಳಲ್ಲಿ ತೋಟಗಳು ಚೇತರಿಸಿಕೊಂಡವು. ಅದೇ ಶಲ್ಕಕೀಟ ಮುಂದೆ ನೀಲಗಿರಿಯ ವಾಟಲ್ ಮರಗಳಿಗೆ ಹತ್ತಿಕೊಂಡಾಗ, 1930ರ ಸುಮಾರಿಗೆ ಅದೇ ಗುಲಗಂಜಿ ಹುಳುವನ್ನು ತರಿಸಿ ಬಿಟ್ಟು ಅದನ್ನು ಹತೋಟಿಗೆ ತಂದರು.

ಜೀವಿಯಿಂದ ಜೀವಿಯನ್ನು ತಡೆಯುವ ಉಪಾಯವೆಲ್ಲ ನಿರಪಾಯವೆಂದು ಯಾರೂ ಭಾವಿಸಕೂಡದು. ಕಬ್ಬಿನ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ಆಸ್ಟ್ರೇಲಿಯಕ್ಕೆ ತಂದ ವಿಷಗಪ್ಪೆಗಳು ದುಂಬಿಗಳನ್ನು ತಡೆಯಲಿಲ್ಲ. ತಾವೇ ದೇಶವ್ಯಾಪಿಯಾದ ಪಿಡುಗಾಗಿ, ತಮ್ಮನ್ನು ತಿಂದ ಅಲ್ಲಿನ ಪ್ರಾಣಿಗಳನ್ನು ಕೊಂದವು. ಗುಲಗಂಜಿ ಹುಳುವಿಗೂ ಆ ಕಪ್ಪೆಗೂ ಇದ್ದ ಅಂತರವಾದರೂ ಏನು? ಒಂದರ ಆಹಾರವೇನು, ಅದು ಏನನ್ನು ತಿನ್ನುವುದಿಲ್ಲ ಎಂಬುದನ್ನು ನೋಡಿ ತಂದರು. ಇನ್ನೊಂದನ್ನು ಆತುರದಿಂದ ತಂದರು. ಪ್ರಯೋಗದ ಗುಣವಿರುವುದು ಪ್ರಯೋಗಕ್ಕೆ ಮುಂಚಿನ ನೋಟದಲ್ಲಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ನಮ್ಮ ಊರಿಗೆ ಬರೋಣ. ನಾವು ಈಗಲೂ 'ಮದ್ದು' ಎನ್ನುವ ಅಡಿಕೆಯ ದ್ರಾವಣದ ಹುಟ್ಟೂ ಒಂದು ವಿನೋದ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು, ದಾರಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿ ಬಳಿಯುತ್ತಿದ್ದರು. ಬೂಷ್ಟು ರೋಗದಿಂದ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದಾಗ ಆ ಬಳ್ಳಿಗಳು ಮಾತ್ರ ಹಸುರಾಗಿದ್ದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಗಮನಿಸಿದರು. 1885ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಕಳ್ಳರಿಗೆಂದು ಬಳಿದುದು ರೋಗಕ್ಕೆ ಮದ್ದಾಯಿತು. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿಯಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿ, ಈ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಮಲೆನಾಡಿನ ತೋಟಗಳಲ್ಲಿ ಬಳಕೆಗೆ ತಂದರು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಗತಿಯಾಗಿತ್ತು.

ತೆಂಗಿನ ಕಥೆ ಇದಕ್ಕಿಂತಲೂ ನಮಗೆ ಹತ್ತಿರ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ, 1916ರಲ್ಲಿ, ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರವು ಸ್ಥಾಪನೆಯಾಯಿತು. 1956ರ ನವೆಂಬರ್ 1ರಂದು ನಾವು ಕೇರಳ ರಾಜ್ಯಕ್ಕೆ ಸೇರಿದೆವು. 1970ರಲ್ಲಿ ಆ ಕೇಂದ್ರವು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ನಮ್ಮ ಮನೆಗಳ ಮಕ್ಕಳು ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ನೋಡುವ ಆ ತೆಂಗಿನ ಸಾಲುಗಳ ಹಿಂದೆ ಎಂತಹ ತಾಳ್ಮೆಯ ಕೆಲಸ ನಡೆದಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ತೆಂಗಿನ ಗರಿಯ ಅಡಿಯಲ್ಲಿ ನೂಲು ಮತ್ತು ಹಿಕ್ಕೆಗಳಿಂದ ಸುರಂಗದಂತೆ ಗೂಡು ಮಾಡಿಕೊಂಡು, ಹಸುರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳುವನ್ನು ತೆಗೆದುಕೊಳ್ಳಿ. ಎತ್ತರದ ಮರದ ಗರಿಯಡಿಗೆ, ಗೂಡಿನೊಳಗಿರುವ ಹುಳುವಿಗೆ ತಾಗುವಂತೆ ಏನನ್ನು ಸಿಂಪಡಿಸುವುದು? ಆದರೆ ಅಲ್ಲಿಗೆ ತಾನಾಗಿಯೇ ಹೋಗಬಲ್ಲ ಒಂದು ಪುಟ್ಟ ಕಣಜವಿದೆ. ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಈ ಕಣಜದ ತಾಯಿಯು ಸುರಂಗವನ್ನು ಹೊಕ್ಕು, ಹುಳುವನ್ನು ಕುಟುಕಿ ನಿಶ್ಚೇಷ್ಟಿತವಾಗಿಸಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಟ್ಟು ಹಾರಿಹೋಗುವುದಿಲ್ಲ, ಮರಿಗಳು ಆ ಹುಳುವನ್ನು ಹೀರಿ ಬೆಳೆಯುವವರೆಗೆ ಅಲ್ಲಿಯೇ ಕಾವಲು ನಿಲ್ಲುತ್ತದೆ. ಇಂತಹ ಕಣಜಗಳನ್ನು ಪ್ರಯೋಗಾಲಯದಲ್ಲಿ ಸಾಕಿ, ಹುಳು ಹತ್ತಿದ ತೋಟಗಳಲ್ಲಿ ಬಿಡುವ ಪದ್ಧತಿಯು ನಮ್ಮ ಕರಾವಳಿಯಲ್ಲಿ ರೂಢಿಗೆ ಬಂದಿತು.

ಕುರುವಾಯಿಯ ಮೇಲಿನ ಪ್ರಯೋಗವಂತೂ ಇನ್ನೂ ವಿಚಿತ್ರ. ಜರ್ಮನಿಯ ಆಲೋಯಿಸ್ ಹ್ಯೂಗರ್ ಎಂಬ ವಿಜ್ಞಾನಿಯು 1963ರಲ್ಲಿ ಮಲಯದಲ್ಲಿ ಈ ದುಂಬಿಗೆ ತಗುಲುವ ಒಂದು ವೈರಸ್ ರೋಗವನ್ನು ಕಂಡುಹಿಡಿದರು. 1967ರಲ್ಲಿ ಶಾಂತಸಾಗರದ ಸಮೋವ ದ್ವೀಪಗಳಲ್ಲಿ ಅದನ್ನು ಪ್ರಯೋಗಿಸಿದರು. ಅಜ್ಜನು ಕೊಕ್ಕೆಯಿಂದ ಎಳೆದು ಕೊಲ್ಲುತ್ತಿದ್ದ ದುಂಬಿಯನ್ನು ಇಲ್ಲಿ ಹಿಡಿದು, ಅದಕ್ಕೆ ರೋಗ ತಗುಲಿಸಿ, ಮರಳಿ ಹಾರಲು ಬಿಡುತ್ತಾರೆ! ರೋಗ ಹಿಡಿದ ದುಂಬಿ ಒಡನೆಯೇ ಸಾಯುವುದಿಲ್ಲ. ತನ್ನ ಜಾತಿಯನ್ನು ಕೂಡುತ್ತದೆ, ಹುಳುಗಳು ಬೆಳೆಯುವ ಗೊಬ್ಬರದ ಗುಂಡಿಗೂ ಕೊಳೆತ ತೆಂಗಿನ ಕಾಂಡಕ್ಕೂ ಇಳಿಯುತ್ತದೆ, ಹೋದಲ್ಲೆಲ್ಲ ಮಲದೊಡನೆ ರೋಗವನ್ನು ಬಿತ್ತುತ್ತದೆ. ಮನುಷ್ಯನಿಗಾಗಲಿ ದನಕರುಗಳಿಗಾಗಲಿ ಜೇನಿಗಾಗಲಿ ಅದರಿಂದ ಬಾಧೆಯಿಲ್ಲ. ನಮ್ಮ ಕಾಸರಗೋಡಿನ ಸಂಸ್ಥೆಯ ವಿಜ್ಞಾನಿಗಳು 1983ರಲ್ಲಿ ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ ಇಂತಹ ದುಂಬಿಗಳನ್ನು ಬಿಟ್ಟರು. ಸುತ್ತಲೂ ಕಡಲಿರುವುದರಿಂದ ಫಲವನ್ನು ಅಳೆಯುವುದಕ್ಕೆ ಅದು ತಕ್ಕ ಜಾಗ. ದುಂಬಿಗಳ ಸಂಖ್ಯೆಯೂ ಮರಗಳಿಗಾಗುತ್ತಿದ್ದ ಹಾನಿಯೂ ಅಲ್ಲಿ ಗಣನೀಯವಾಗಿ ಇಳಿದವು. ಇದರಿಂದ ದುಂಬಿಯ ಕಾಟ ಜಗತ್ತಿನಿಂದಲೇ ತೊಲಗಿತೆಂದಲ್ಲ. 2007ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡ ದುಂಬಿಗಳಿಗೆ ಆ ವೈರಸ್ ನಾಟಲಿಲ್ಲ. ಹೀಗೆ ಪ್ರಯೋಗವು ಮುಗಿಯುವ ಕೆಲಸವಲ್ಲ, ಎಡೆಬಿಡದೆ ನೋಡುತ್ತಿರಬೇಕಾದ ಕೆಲಸ.

ಕಾಸರಗೋಡು ಪೇಟೆಯ ಬಳಿಯ ಪ್ರಯೋಗಾಲಯಗಳಲ್ಲಿ ಹೀಗೆ ಒಂದೊಂದು ಕಣಜವನ್ನೂ ಒಂದೊಂದು ದುಂಬಿಯನ್ನೂ ಎಣಿಸುತ್ತಿದ್ದ ಅದೇ ವರ್ಷಗಳಲ್ಲಿ, ಪೂರ್ವದ ಗುಡ್ಡಗಳಲ್ಲಿ ನಡೆದುದೇ ಬೇರೆ. ಅಲ್ಲಿ ಸರಕಾರೀ ಒಡೆತನದ ಗೇರು ತೋಟಗಳು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ಹಬ್ಬಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕರಕಾಗಿಸುವ ಟೀ ಸೊಳ್ಳೆಯೆಂಬ ಕೀಟಕ್ಕೆಂದು, 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ, ಎಂಡೋಸಲ್ಫಾನ್ ಎಂಬ ರಾಸಾಯನಿಕವನ್ನು ಹೆಲಿಕಾಪ್ಟರಿನಿಂದ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಕಾರಡ್ಕ, ಬದಿಯಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳ ಹೆಸರು ಹೀಗೆ ಲೋಕಕ್ಕೆ ತಿಳಿಯುವಂತಾಯಿತು.

ಆ ನೆಲದ ರಚನೆಯನ್ನು ಅರಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟವಿರುವುದು ಗುಡ್ಡದ ನೆತ್ತಿಯಲ್ಲಿ. ಮನೆಗಳಿರುವುದು ಗುಡ್ಡದ ಬುಡದಲ್ಲಿ. ಕುಡಿಯುವ ನೀರು ಬರುವುದು ತೆರೆದ ಬಾವಿಯಿಂದ, ಇಲ್ಲವೆ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ಹಿರಿಯರು ಮಾಡಿದ ಸುರಂಗದಿಂದ. ನೆತ್ತಿಯ ಮೇಲೆ ಬಿದ್ದುದೆಲ್ಲವೂ ಮಳೆಯೊಡನೆ ಬುಡಕ್ಕೆ ಇಳಿಯಲೇಬೇಕು.

ಆ ಹೆಲಿಕಾಪ್ಟರನ್ನು ಕಂಡ ಮಕ್ಕಳಲ್ಲಿ ನಾನೂ ಒಬ್ಬ. ಶಾಲೆಯಲ್ಲಿ ಪಾಠ ನಡೆಯುತ್ತಿರುವಾಗ ಗುಡ್ಡದ ಮೇಲೆ ಸದ್ದು ಕೇಳಿದರೆ, ನಾವೆಲ್ಲ ಅಂಗಳಕ್ಕೆ ಓಡಿ ಮೇಲೆ ನೋಡಿ ಕೈಬೀಸುತ್ತಿದ್ದೆವು. "ಗೇರಿಗೆ ಮದ್ದು ಬಿಡುತ್ತಾರೆ" ಎಂದು ಹಿರಿಯರು ಹೇಳಿದರು. ಮದ್ದೆಂದ ಮೇಲೆ ಹೆದರುವುದೇತಕ್ಕೆ? ಅಡಿಕೆಗೆ ಬಿಡುವ ಮದ್ದನ್ನು ಕಂಡು ಬೆಳೆದವರಿಗೆ ಆಕಾಶದಿಂದ ಇಳಿಯುವ ಮದ್ದು ಒಂದು ಸೊಗಸಾದ ನೋಟವಾಗಿತ್ತು. ನನ್ನ ಸಹಪಾಠಿಯೊಬ್ಬನಿಗೆ ಶಾಲೆಗೆ ಬರಲಾಗದ ಒಬ್ಬ ತಮ್ಮನಿದ್ದನು. ಅವನಿಗೆ ನಡೆಯಲು ಬರುತ್ತಿರಲಿಲ್ಲ, ಮಾತೂ ಸರಿಯಾಗಿ ಬರುತ್ತಿರಲಿಲ್ಲ. ರಜೆಯ ದಿವಸ ಹೆಲಿಕಾಪ್ಟರು ಬಂದರೆ, ತಮ್ಮನೂ ನೋಡಲಿ ಎಂದು ನನ್ನ ಗೆಳೆಯನು ಅವನನ್ನು ಎತ್ತಿಕೊಂಡು ಜಗಲಿಗೆ ತರುತ್ತಿದ್ದನು. ಆ ಹುಡುಗನ ವ್ಯಾಧಿಗೆ ಕಾರಣವೇನೆಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ. ನಾನೂ ಅದನ್ನು ಹೇಳಲು ಅಧಿಕಾರಿಯಲ್ಲ. ಆದರೆ ಅವನು ಆಕಾಶವನ್ನು ನೋಡಿ ನಕ್ಕ ನಗು ಇಂದಿಗೂ ನನ್ನ ಕಣ್ಣಮುಂದಿದೆ.

ಮೊದಲು ಅನುಮಾನಪಟ್ಟವರು ಕೃಷಿಕರೇ. ಎಣ್ಮಕಜೆಯ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದುದನ್ನು ಕಂಡು, ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಅದನ್ನು ಬರೆದರು. ಅದೇ ಊರಿನ ವೈದ್ಯರಾದ ಡಾ. ಮೋಹನ ಕುಮಾರ್ ಅವರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಒಂದು ಕ್ರಮವನ್ನು ಗುರುತಿಸಿ, ಊರಿನ ನೀರಿನ ಕುರಿತು ಪ್ರಶ್ನೆ ಎತ್ತಿದರು. ಪೆರಿಯದ ಲೀಲಾಕುಮಾರಿ ಅಮ್ಮ ಎಂಬವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. 2000ನೆಯ ಇಸವಿಯ ಕೊನೆಗೆ ಹೆಲಿಕಾಪ್ಟರಿನ ಸದ್ದು ನಿಂತಿತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸ್ವಾಸ್ಥ್ಯ ಸಂಸ್ಥೆಯವರು ಪಡ್ರೆಯ ಶಾಲಾಮಕ್ಕಳನ್ನು, ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ ನೋಡಿ, ಹುಟ್ಟಿನಿಂದಲೇ ಬಂದ ಊನಗಳೂ ಕಲಿಕೆಯ ತೊಡಕುಗಳೂ ಪಡ್ರೆಯಲ್ಲಿ ಹೆಚ್ಚೆಂದು ವರದಿಯಿತ್ತರು. ಇದನ್ನು ಒಪ್ಪದ ಸಮಿತಿಗಳೂ ಇದ್ದವು. ವಾದವಿವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 2011ರ ಎಪ್ರಿಲ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಈ ರಾಸಾಯನಿಕವನ್ನು ಲೋಕದಿಂದ ತೊಲಗಿಸಬೇಕಾದವುಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳು, ಮೇ 13ರಂದು, ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಅದೇ ನ್ಯಾಯಾಲಯವು ಆಜ್ಞಾಪಿಸಿತು.

ಈ ಕಥೆಯಲ್ಲಿ ಹೇಳಲು ಉಳಿದ ಒಂದು ಮಾತಿದೆ; ಅದು ಆ ಕೆಂಜಿರುವೆಯದು. ಗೇರು ಕೊಯ್ಯುವವರನ್ನು ಕಚ್ಚುವುದೆಂದು ನಾವು ಗೂಡನ್ನು ಸುಟ್ಟು ಓಡಿಸುವ ಈ ಇರುವೆಯು ಟೀ ಸೊಳ್ಳೆಯ ಪರಮವೈರಿ. ಇರುವೆಗಳು ತುಂಬಿದ ಮರದ ಚಿಗುರಿನ ಮೇಲೆ ಟೀ ಸೊಳ್ಳೆ ನೆಮ್ಮದಿಯಿಂದ ಕುಳಿತುಕೊಳ್ಳಲಾರದು. ಆಸ್ಟ್ರೇಲಿಯದ ಉತ್ತರ ಪ್ರಾಂತದ ಗೇರು ತೋಟಗಳಲ್ಲಿ 1990ರ ದಶಕದಿಂದೀಚೆಗೆ ವಿಜ್ಞಾನಿಗಳು ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಬೇರೆ ಬೇರೆ ಗೂಡಿನ ಬಳಗಗಳು ತಮ್ಮತಮ್ಮಲ್ಲಿ ಕಾದಾಡಿ ಬಲಗುಂದದಂತೆ ಮರಗಳನ್ನು ಬಳಗಕ್ಕಿಷ್ಟೆಂದು ಹಂಚಿಕೊಟ್ಟರೆ, ಈ ಇರುವೆಗಳೇ ತೋಟವನ್ನು ಕಾಯಬಲ್ಲವೆಂದು ತೋರಿಸಿದರು. ಅಂದ ಮೇಲೆ ನಮ್ಮ ಗುಡ್ಡಗಳಲ್ಲಿ ಆದುದೇನು? ಸಂಬಳವಿಲ್ಲದೆ ಮರ ಕಾಯುವ ಕಾವಲುಗಾರನು ಪ್ರತಿ ಮರದಲ್ಲಿಯೂ ಇದ್ದನು. ಆಕಾಶದಿಂದ ಸುರಿದ ವಿಷವು ಕಳ್ಳನೊಡನೆ ಕಾವಲುಗಾರನನ್ನೂ ಕೊಂದಿತು. ಹೂವಿಗೆ ಬರುವ ಜೇನನ್ನೂ ಕೊಂದಿತು. ಕಾವಲಿಲ್ಲದ ತೋಟಕ್ಕೆ ಕಳ್ಳನು ಮರಳಿ ಬಂದನು. ಮರುವರ್ಷ ಮತ್ತೆ ಹೆಲಿಕಾಪ್ಟರು ಬೇಕಾಯಿತು.

ಇಷ್ಟನ್ನು ನೋಡಿದ ಮೇಲೆ ನನಗೆ ತೋರುವುದಿಷ್ಟು. ಮದ್ದಿಗೂ ವಿಷಕ್ಕೂ ಇರುವ ಅಂತರವು ಡಬ್ಬಿಯೊಳಗಿನ ವಸ್ತುವಿನಲ್ಲಿ ಮಾತ್ರ ಇರುವುದಲ್ಲ. ಅದನ್ನು ಬಿಡುವವನು ಎಲ್ಲಿ ನಿಂತಿದ್ದಾನೆ ಎಂಬುದರಲ್ಲಿಯೂ ಇದೆ. ಅಜ್ಜಿಯು ಬಳ್ಳಿಯ ಬುಡದಲ್ಲಿ ನಿಂತಿದ್ದಳು. ಅಜ್ಜನು ಮರದ ಸುಳಿಯ ಬಳಿಯಲ್ಲಿದ್ದನು. ಕಣಜವನ್ನು ಸಾಕಿದ ವಿಜ್ಞಾನಿಯು ಗರಿಯಡಿಯ ಸುರಂಗವನ್ನು ಬಿಡಿಸಿ ನೋಡಿದ್ದನು. ಇವರೆಲ್ಲರಿಗೂ ಹುಳು ಕಾಣುತ್ತಿತ್ತು, ಹುಳುವಿನ ನೆರೆಹೊರೆಯೂ ಕಾಣುತ್ತಿತ್ತು. ಹೆಲಿಕಾಪ್ಟರಿನಲ್ಲಿ ಕುಳಿತವನಿಗೆ ಮಾತ್ರ ಕೆಳಗಿದ್ದುದು ಬರಿಯ ಹಸುರು. ಅದರಡಿಯಲ್ಲಿ ಬಾವಿಯಿದೆ, ಸುರಂಗವಿದೆ, ಶಾಲೆಯ ಅಂಗಳದಲ್ಲಿ ಕೈಬೀಸುವ ಮಕ್ಕಳಿದ್ದಾರೆ ಎಂಬುದು ಅಷ್ಟು ಎತ್ತರಕ್ಕೆ ಕಾಣಲಿಲ್ಲ.

ಕೀಟಬಾಧೆ ನಾಳೆಯೂ ಇರುತ್ತದೆ. ಹೊಸ ಮದ್ದುಗಳೂ ಬರುತ್ತವೆ. ಅವುಗಳನ್ನೆಲ್ಲ ಬೇಡವೆನ್ನುವುದು ವಿವೇಕವಲ್ಲ. ಆದರೆ ಹೊಸ ಮದ್ದೊಂದು ಊರಿಗೆ ಬಂದಾಗ, 'ಇದು ಹುಳುವನ್ನು ಕೊಲ್ಲುತ್ತದೆಯೇ?' ಎಂದು ಕೇಳಿದ ಬಾಯಿಂದಲೇ 'ಇನ್ನಾರಿಗೆ ಏನು ಮಾಡುತ್ತದೆ?' ಎಂದೂ ಕೇಳಬೇಕು. ಮೊದಲು ಒಂದು ಮರಕ್ಕೆ, ಅನಂತರ ಒಂದು ಸಾಲಿಗೆ, ಆಮೇಲೆ ತೋಟಕ್ಕೆ ಎಂಬ ಕ್ರಮವನ್ನು ಬಿಡಕೂಡದು. ಕಂಡುದನ್ನು ಬರೆದಿಡಬೇಕು, ನಮ್ಮ ಮಕ್ಕಳು ಓದುವ ಕನ್ನಡದಲ್ಲಿಯೇ ಬರೆದಿಡಬೇಕು. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು ಈ ದಾರಿಯನ್ನು ತೋರಿಸಿತು. ಸಾವಿರ ವರ್ಷಗಳ ಹಿಂದೆ 'ಲೋಕೋಪಕಾರ'ವನ್ನು ಬರೆದವನ ಉದ್ದೇಶವೂ ಇದೇ ಆಗಿತ್ತು.

ಈಗ ನನ್ನ ತರಗತಿಯಲ್ಲಿ ಆ ಪಂಚಾಯತುಗಳ ಮಕ್ಕಳು ಕುಳಿತಿರುತ್ತಾರೆ. 'ಮದ್ದು' ಎಂಬ ಶಬ್ದಕ್ಕೆ ಅರ್ಥಗಳನ್ನು ಬರೆಯಿರಿ ಎಂದರೆ ಅವರು ಔಷಧವೆಂದೂ ಕೋವಿಯ ಮದ್ದೆಂದೂ ಬರೆಯುತ್ತಾರೆ. ವಿಷವೆಂಬ ಅರ್ಥವನ್ನು ನಾನು ಹೇಳಿಕೊಡಬೇಕಾಗುತ್ತದೆ; ಹೇಳಿಕೊಡುವಾಗ ಈ ಕಥೆಯನ್ನೂ ಹೇಳುತ್ತೇನೆ. ಮನೆಗೆ ಹೋದ ಮೇಲೆ ಅಂಗಳದ ಮಾವಿನಲ್ಲಿ ಕೆಂಜಿರುವೆಯ ಗೂಡಿದ್ದರೆ, ಅದನ್ನು ಸುಡುವ ಮೊದಲು ಒಂದು ಗಳಿಗೆ ನಿಂತು ನೋಡಿರಿ ಎಂದು ಹೇಳಿ ಪಾಠವನ್ನು ಮುಗಿಸುತ್ತೇನೆ. ನಮ್ಮ ಸಂಘದ ಈ ಸಂಚಿಕೆಯನ್ನು ಓದುವ ಮನೆಮಂದಿಯಲ್ಲಿಯೂ ನನ್ನ ವಿನಂತಿ ಅಷ್ಟೇ.